ಮಸಿಯ ಹುಲಿ ಕಾದ ಉಗ್ರಾಣ

ಬಹಳ ಬಹಳ ಹಿಂದೆ, ರೇಷ್ಮೆ ಹುಟ್ಟಿದ ನಾಡಿನಲ್ಲಿ ಲಿಂಗ್‌ಚುವಾನ್ ಎಂಬ ರಾಜ್ಯವಿತ್ತು. ಅಲ್ಲಿ ಕಿರೀಟ ತೊಟ್ಟವನು ಅರಸನಲ್ಲ. ಪೂರ್ವಿಕರ ಕೈಬರಹದ ಸುರುಳಿಗಳು ಯಾರ ಅರಮನೆಯಲ್ಲಿವೆಯೋ ಅವನೇ ಅರಸ ಎಂದು ಜನ ನಂಬಿದ್ದರು.

ತರುಣ ಅರಸ ಯುನ್‌ಜಿಯನ್ನು ಗೂಹಾನ್ ಎಂಬ ಮಾಂತ್ರಿಕ ಒಂದು ಬೆಟ್ಟದ ಚಿತ್ರದೊಳಗೆ ನೂಕಿ ಸಿಂಹಾಸನ ಏರಿದ. ಮನೆಮನೆಯ ಬರಹ, ಚಿತ್ರಗಳನ್ನೆಲ್ಲ ಬಾಚಿ ತರಿಸಿ, ಒಂದೊಂದರ ಮೇಲೂ ತನ್ನ ಕೆಂಪು ಮುದ್ರೆ ಒತ್ತಿದ. ಉಗ್ರಾಣ ತುಂಬಿತು. ಆದರೂ ಜನ ಅವನಿಗೆ ತಲೆಬಾಗುವಾಗ ಕಣ್ಣು ತಪ್ಪಿಸುತ್ತಿದ್ದರು. ಈ ರಾಜ್ಯ ಗೂಹಾನನಿಗೇ ಸೇರಬೇಕೆಂದು ಮೊದಲ ಅರಸನೇ ಬರೆದಿಟ್ಟಂತೆ ಒಂದು ಸುರುಳಿ ಬರೆದುಕೊಡು ಎಂದು ಮುದುಕ ಲಿಪಿಕಾರ ಶುಯಾನ್‌ಗೆ ಹೇಳಿದ. ಮುದುಕ ಒಪ್ಪಲಿಲ್ಲ. ಅವನೂ ಅದೇ ಚಿತ್ರದ ಪಾಲಾದ.

ಆಗ ಮಾಂತ್ರಿಕನು ಆ ಮುದುಕನ ಮಗಳು ಮೇಫೆನ್‌ಳನ್ನು ಉಗ್ರಾಣಕ್ಕೆ ಕರೆಸಿದ. ಹರಿದ ಸುರುಳಿಗಳಿಗೆ ಕಾಗದ ಅಂಟಿಸಿ ಸರಿಮಾಡುವುದು ಅವಳ ಕಸುಬು. ಯಾರ ಅಕ್ಷರವನ್ನಾದರೂ ಪಡಿಯಚ್ಚಿನಂತೆ ಬರೆಯಬಲ್ಲಳು.

"ಮೂರು ದಿನ ಕೊಟ್ಟಿದ್ದೇನೆ. ಮೊದಲ ಅರಸನ ಅಕ್ಷರದಲ್ಲಿ ಆ ಸುರುಳಿ ಬರೆದುಕೊಟ್ಟರೆ ನಿನ್ನಪ್ಪ ಹೊರಗೆ. ಇಲ್ಲದಿದ್ದರೆ ಚಿತ್ರ ಒಲೆಗೆ," ಎಂದ.

ಗೋಡೆಯ ಚಿತ್ರದಿಂದ ಮಸಿಯ ಹುಲಿಯೊಂದು ಇಳಿದು ಉಗ್ರಾಣದ ಬಾಗಿಲಲ್ಲಿ ಕಾವಲು ಕೂತಿತು. ಬೆಟ್ಟದ ಚಿತ್ರದ ಸೇತುವೆಯ ಮೇಲೆ ಅಪ್ಪ ಬೆರಳುದ್ದ ಕಾಣುತ್ತಿದ್ದ. ಮೇಫೆನ್ ಹಿಂದೆಮುಂದೆ ನೋಡದೆ ಕುಂಚ ಹಿಡಿದಳು.

ಮೊದಲ ದಿನ ಬರೆದಳು. ಮಸಿ ಆರುವ ಮೊದಲೇ ಅಕ್ಷರಗಳು ಇರುವೆಗಳಾಗಿ ಸಾಲುಗಟ್ಟಿ ಇಳಿದುಹೋದವು. ಎರಡನೆಯ ದಿನ ಮಾಂತ್ರಿಕನೇ ಮಂತ್ರಿಸಿದ ಮಸಿ ಕೊಟ್ಟ. ಅಕ್ಷರಗಳು ಕಾಗೆಗಳಾಗಿ ಕಿಟಕಿಯಿಂದ ಹಾರಿಹೋದವು.

ಮೂರನೆಯ ದಿನ ಅವಳು ಮತ್ತೆ ಕುಂಚ ಹಿಡಿದಳು. ಚಿತ್ರದಿಂದ ಸೊಳ್ಳೆಯ ದನಿಯಷ್ಟು ಸಣ್ಣಗೆ ಅಪ್ಪನ ಮಾತು ಕೇಳಿಸಿತು.

"ಸುಳ್ಳು ಕಾಗದದ ಮೇಲೆ ನಿಲ್ಲೋದಿಲ್ಲ ಮಗಳೇ."

"ನಿಲ್ಲದಿದ್ದರೆ ನಿನ್ನನ್ನು ಸುಡುತ್ತಾನಲ್ಲ ಅಪ್ಪಾ."

"ನಿಂತರೆ, ಹೊರಗೆ ಬಂದು ನಿನ್ನ ಮುಖ ಹೇಗೆ ನೋಡಲಿ?"

ಮೇಫೆನ್ ಅತ್ತಳು. ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಒಂದು ಕವಿತೆಯ ಮೇಲೆ ಮುದ್ರೆ ತಲೆಕೆಳಗಾಗಿತ್ತು. ತಾಯಿಯೊಬ್ಬಳು ಬರೆದ ಓಲೆಯಲ್ಲಿ ಮಗುವಿನ ಹೆಸರೇ ಮುದ್ರೆಯಡಿ ಮುಚ್ಚಿಹೋಗಿತ್ತು. ಮಾಂತ್ರಿಕ ಇವುಗಳಲ್ಲಿ ಒಂದನ್ನೂ ಓದಿಲ್ಲ ಎಂದು ಅವಳಿಗೆ ಹೊಳೆಯಿತು.

ಈ ಸಲ ತನ್ನದೇ ಅಕ್ಷರದಲ್ಲಿ ಬರೆದಳು: "ಗೂಹಾನ್ ಈ ರಾಜ್ಯವನ್ನು ಕದ್ದಿದ್ದಾನೆ. ಅರಸ ಯುನ್‌ಜಿ ಬೆಟ್ಟದ ಚಿತ್ರದೊಳಗೆ ಬದುಕಿದ್ದಾನೆ." ಅಕ್ಷರಗಳು ಕದಲಲಿಲ್ಲ. ಹುಲಿ ಬಂದು ಮೂಸಿ, ಅವಳ ಕಾಲ ಬಳಿ ಮಲಗಿತು.

ಮಾಂತ್ರಿಕ ಬಂದ. ಅಕ್ಷರ ನಿಂತದ್ದಷ್ಟೇ ನೋಡಿ, ಹಿಗ್ಗಿ, ನಟ್ಟನಡುವೆ ಮುದ್ರೆ ಒತ್ತಿದ. ಅಂಗಳದಲ್ಲಿ ನೆರೆದ ಜನರಿಗೆ ಓದಿ ಹೇಳೆಂದು ಡಂಗುರದವನ ಕೈಗೆ ಕೊಟ್ಟ. ಡಂಗುರದವನು ಮೊದಲ ಸಾಲು ಓದಿ ಮಾಂತ್ರಿಕನತ್ತ ನೋಡಿದ. ಆದರೂ ಕೊನೆಯವರೆಗೆ ಓದಿದ.

ಮಾಂತ್ರಿಕನ ಶಕ್ತಿಯೆಲ್ಲ ಆ ಮುದ್ರೆಯಲ್ಲಿತ್ತು. ಮುದ್ರೆಯೇ ಅವನ ಕಳ್ಳತನಕ್ಕೆ ಸಾಕ್ಷಿ ನುಡಿದ ಮೇಲೆ ಅದು ಒಣಮಣ್ಣಿನಂತೆ ಪುಡಿಯಾಯಿತು. ಹುಲಿ ಅವನನ್ನು ಗಡಿ ದಾಟುವವರೆಗೆ ಅಟ್ಟಿತು. ಅರಸನೂ ಮುದುಕನೂ ಸೇತುವೆ ಇಳಿದು ಹೊರಬಂದರು.

ಸುರುಳಿಗಳನ್ನೆಲ್ಲ ಅವರವರ ಮನೆಗೆ ಕಳಿಸಿ ಎಂದ ಅರಸ. ಮಂತ್ರಿ ತಡವರಿಸಿದ: "ಉಗ್ರಾಣ ಬರಿದಾದರೆ, ತಾವು ಅರಸರೆಂದು ಜನ ಹೇಗೆ ನಂಬಬೇಕು ಪ್ರಭು?"

"ನಾನು ಮಾಡುವ ಕೆಲಸ ನೋಡಿ ನಂಬಲಿ. ನಂಬದಿದ್ದರೆ ಬಂದು ಕೇಳಲಿ," ಎಂದ ಯುನ್‌ಜಿ.

ಮುದ್ರೆಗಳನ್ನು ಅಳಿಸಲು ಮೇಫೆನ್‌ಗೆ ಹನ್ನೊಂದು ವರ್ಷ ಹಿಡಿಯಿತು. ಕೆಂಪು ಕಲೆ ಪೂರ್ತಿ ಹೋಗಲಿಲ್ಲ. ಜನ ಹಾಗೆಯೇ ಆ ಸುರುಳಿಗಳನ್ನು ಗೋಡೆಗೆ ತೂಗುಹಾಕಿ, ಮಕ್ಕಳಿಗೆ ಓದಿ ಹೇಳುತ್ತ, ಬಹುಕಾಲ ಸುಖವಾಗಿದ್ದರು.