ಬಿಳಿ ಬಳಿದ ಕೈಗಳು

ನಾಯಕಿಯ ಲೆಹೆಂಗಾಕ್ಕೆ ಹನ್ನೊಂದು ಲಕ್ಷ. ಬಾಡಿಗೆಗೆ ತಂದ ತೂಗುದೀಪಕ್ಕೆ ದಿನಕ್ಕೆ ನಲವತ್ತು ಸಾವಿರ. ನೌಶಾಬಾಳ ಎರಡು ಕೈಗಳಿಗೆ ದಿನಕ್ಕೆ ನಾಲ್ಕು ಸಾವಿರ. ಆ ಕೈಗಳಿಗೆ ಬಳಿಯುವ ಬಿಳಿ ಬಣ್ಣದ ಖರ್ಚು ಬೇರೆ.

ಚಿತ್ರ ಹಳೆಯ ಲಖನೌದ ತವಾಯಿಫ್, ಅಂದರೆ ಹಾಡುವ ಗಣಿಕೆ, ಹೈದರಿ ಜಾನಳದ್ದು. ಕೂತಲ್ಲೇ ಹಾಡುತ್ತ, ಒಂದು ಸಾಲಿಗೆ ಬೆರಳುಗಳಲ್ಲೇ ಹತ್ತು ಅರ್ಥ ತೋರಿಸುತ್ತಿದ್ದವಳು. ಮುಂಬಯಿಯ ನಾಯಕಿಗೆ ಅದು ಬರುವುದಿಲ್ಲ. ಹಾಗಾಗಿ ಮುಖ ನಾಯಕಿಯದು, ಕೈ ನೌಶಾಬಾಳದು. ಅವಳ ಮುತ್ತಜ್ಜಿ ಹೈದರಿಯ ಶಿಷ್ಯೆ. ವಿದ್ಯೆ ಮನೆಯಲ್ಲಿ ಉಳಿದಿತ್ತು.

ಮೊದಲ ದಿನ ಮೇಕಪ್ಪಿನ ಮುಷೀರ್ ಅವಳ ಮುಂದೆ ಕೂತು, "ಕೈ ಕೊಡಿ" ಎಂದ.

ಕೊಟ್ಟಳು. ಅವನು ಮೆಲ್ಲಗೆ ಬೆರಳು ಬಿಡಿಸಿ ಬಿಳಿ ಬಳಿಯತೊಡಗಿದ.

"ಇದ್ಯಾಕೆ?"

"ನಾಯಕಿ ಬಣ್ಣಕ್ಕೆ ಹೊಂದಬೇಕಂತೆ."

"ಹೈದರಿ ನನಗಿಂತ ಕಪ್ಪಿದ್ದಳು. ನಮ್ಮ ಚೌಕ್ ಪೇಟೇಲಿ ಯಾರನ್ನಾದ್ರೂ ಕೇಳಿ."

"ಗೊತ್ತು. ನಾನೂ ಚೌಕ್‌ನವನೇ."

ಜೊತೆಗೆ ಬಂದಿದ್ದ ಚಿಕ್ಕಮ್ಮ ಬಿಲ್ಕೀಸ್ ಖಾಲಾ ಮೂಗು ಮುರಿದರು. "ಗೊತ್ತಿದ್ದೂ ಸುಣ್ಣ ಹೊಡೀತೀಯಲ್ಲ ಮಿಯಾ. ಇವಳೇನು ಗೋಡೆನಾ?"

"ಗೋಡೆಯಾಗಿದ್ರೆ ಕೈ ನಡುಗ್ತಿರ್ಲಿಲ್ಲ, ಖಾಲಾ."

"ಯಾರ ಕೈ?"

"ನನ್ನದು."

ಆ ಮಾತು ನೌಶಾಬಾಳನ್ನು ಸುಮ್ಮನೆ ಬಿಡಲಿಲ್ಲ. ಮರುದಿನ ಬೆಳಗ್ಗೆ ತಾನೇ ಪಾನ್ ಕಟ್ಟಿ ತಂದು ಅವನ ಮುಂದೆ ಹಿಡಿದಳು.

ಬಣ್ಣ ಕಲಸುತ್ತಿದ್ದ ಮುಷೀರ್ ತಡಬಡಾಯಿಸಿದ. ತಲೆಯಾಡಿಸಿ, "ಬೇಡ" ಎಂದು ಮುಖ ತಿರುಗಿಸಿದ.

ಅವರ ಓಣಿಯಲ್ಲಿ ತವಾಯಿಫ್ ಮನೆಯ ಪಾನ್ ಬೇಡವೆಂದರೆ ಬಾಯಿ ಬಿಡದೆ ಬೈದ ಹಾಗೆ. ಹಾಡು ಬೇಕು, ಪಾನ್ ಬೇಡ ಎನ್ನುವ ಮರ್ಯಾದಸ್ಥರನ್ನು ಅವಳ ಮನೆ ಎಷ್ಟೋ ಕಂಡಿತ್ತು.

'ಇವನೂ ಅಂಥವನೇ...'

ಅಂದಿನಿಂದ ಅವಳಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕ್ಯಾಮೆರಾದ ಮುಂದೆ ಬೆರಳು ಸೆಟೆದುಕೊಳ್ಳುತ್ತಿದ್ದವು. ಅವನು ಬಣ್ಣ ಬಳಿಯುವಾಗ ಗೋಡೆ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ನಿರ್ದೇಶಕ ಕುನಾಲ್ ಬಂದು ಹೇಳಿದ, "ಇನ್ನೂ ಬಿಳಿ ಬೇಕು. ಮೊಣಕೈವರೆಗೂ ಹಚ್ಚಿ."

ನೌಶಾಬಾ ಕೈ ಎಳೆದುಕೊಂಡಳು. "ಹೈದರಿ ಕೈ ಕಪ್ಪಗೇ ಇರ್ಲಿ, ಸಾಹೇಬ್ರೆ. ಇಲ್ಲಾಂದ್ರೆ ನಾನು ಮಾಡಲ್ಲ."

"ಜನ ಕನಸು ನೋಡೋಕೆ ಬರ್ತಾರಮ್ಮ, ಚರಿತ್ರೆ ಅಲ್ಲ. ಬೇರೆ ಕೈ ಸಿಗುತ್ತೆ."

ಅವಳು ಮುಷೀರ್‌ನತ್ತ ನೋಡಿದಳು. ಅವನು ಕುಂಚವನ್ನೇ ನೋಡುತ್ತಿದ್ದ. ಅವಳು ಎದ್ದು ಹೊರಟೇಬಿಟ್ಟಳು.

ಶೂಟಿಂಗ್ ನಡೆಯುತ್ತಿದ್ದ ಹಳೆಯ ಹವೇಲಿಯ ಮೆಟ್ಟಿಲ ಬಳಿ ಹಿಂದಿನಿಂದ ಹೆಜ್ಜೆ ಸದ್ದು. ಮುಷೀರ್ ಎಣ್ಣೆ, ಬಟ್ಟೆ ಹಿಡಿದು ಬಂದಿದ್ದ.

"ಬಣ್ಣ ಒಣಗಿದ್ರೆ ಚರ್ಮ ಉರಿಯುತ್ತೆ. ಕೈ ಕೊಡಿ."

"ಪಾನ್ ಮುಟ್ಟದವರಿಗೆ ಕೈ ಯಾಕೆ?"

ಅವನು ಬಲಗೈ ಎತ್ತಿ ತೋರಿಸಿದ. "ಬಲಗೈ ತುಂಬ ಬಣ್ಣ ಇತ್ತು, ನೌಶಾಬಾ. ನಿಮ್ಮ ಮನೆ ಪಾನನ್ನ ಎಡಗೈಲಿ ತಗೊಳ್ಳೋದಾ? ನಮ್ಮಮ್ಮಿಗೆ ಗೊತ್ತಾಗಿದ್ರೆ ಮನೆ ಬಾಗಿಲು ತೆಗೀತಿರ್ಲಿಲ್ಲ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ನಿಮ್ಮ ಮುಂದೆ ನನಗೆ ಮಾತೇ ಹೊರಡಲ್ಲ."

ಅವಳ ಕಣ್ಣು ತುಂಬಿತು. "ಒಳಗೆ ಹೋಗಿ. ಕೆಲಸ ಹೋಗುತ್ತೆ."

"ಹೋಯ್ತು. ಕುಂಚ ಸಾಹೇಬರ ಕೈಗೇ ಕೊಟ್ಟು ಬಂದೆ. ಮೊದಲ ದಿನವೇ ಕೊಡಬೇಕಿತ್ತು... ಆದ್ರೆ ಕೊಟ್ಟಿದ್ರೆ ನಿಮ್ಮ ಕೈ ಹಿಡಿಯೋ ನೆಪ ಇರ್ತಿರ್ಲಿಲ್ಲ."

"ನಮ್ಮ ಮನೆತನ ಗೊತ್ತಲ್ಲ? ನಿಮ್ಮಮ್ಮಿಗೆ ಏನಂತೀರಿ?"

"ಹೈದರಿ ವಿದ್ಯೆ ಕಲಿತವಳು, ನಿಮ್ಮ ಸೊಸೆ ಆಗ್ತಾಳಾ ಕೇಳಿ ನೋಡಿ ಅಂತೀನಿ. ಮುಚ್ಚಿಡೋಕೆ ಏನಿದೆ?"

ಅವಳು ಕೈ ಚಾಚಿದಳು. ಅವನು ಒಂದೊಂದೇ ಬೆರಳನ್ನು ಒರೆಸಿದ.

ಕೆಳಗಿನಿಂದ ಖಾಲಾ ಕೂಗಿದರು, "ಆಟೋದವನು ಬೈತಿದ್ದಾನೆ. ನಿಕಾಹ್ ಮಾತು ಮನೇಲಿ ಆಡೋಣ."

ನಿಕಾಹ್ ಆದ ಮರುವರ್ಷ ಚಿತ್ರ ತೆರೆಗೆ ಬಂತು. ಇಬ್ಬರೂ ಹೋಗಿ ನೋಡಿದರು. ತೆರೆಯ ತುಂಬ ಯಾರದೋ ಬೆಳ್ಳನೆ ಕೈಗಳು ಅರ್ಥವಿಲ್ಲದೆ ಆಡುತ್ತಿದ್ದವು.

"ಸಂಕಟ ಆಯ್ತಾ?" ಮುಷೀರ್ ಮೆಲ್ಲಗೆ ಕೇಳಿದ.

"ಆಯ್ತು. ಸ್ವಲ್ಪ ಹತ್ತಿರ ಬನ್ನಿ."

ಹೈದರಿಯ ಬೆರಳುಗಳನ್ನು ಊರಿಗೆ ತೋರಿಸುವ ಅವಕಾಶ ನೌಶಾಬಾಳ ಕೈತಪ್ಪಿತು, ಮತ್ತೆ ಬರಲಿಲ್ಲ. ಮುಷೀರ್ ಸಿಕ್ಕಿದ.