ಕ್ಯಾಂಪಿನ ಹತ್ತು ಮೂಟೆ

ದೀಪ ಹಚ್ಚುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಚೌಕಟ್ಟಿಗೆ ನೀಲಿ ಚಿಂದಿಯಿಂದ ಕಟ್ಟಿದ್ದ ಹುತ್ತರಿ ಹಬ್ಬದ ಭತ್ತದ ಕದಿರು ಅಲುಗಿತು. ಹೊರಗೆ ಪೊಲೀಸ್ ಜಮಾದಾರ ಸಿದ್ದಣ್ಣ.

"ಸಾಹುಕಾರ್ರೆ, ಒಂಚೂರು ಬನ್ನಿ."

ಏಕೆಂದು ಆತ ಹೇಳಲಿಲ್ಲ. ದೇರಪ್ಪ ಸಾಹುಕಾರರು ಕೇಳಲೂ ಇಲ್ಲ. ತಾವು ಠಾಣೆಗೆ ಹಾಕಿದ ಹೆಸರಿಲ್ಲದ ಕಾಗದ ತಲುಪಿದೆ ಎಂದುಕೊಂಡು, ಕೋಟು ತೊಟ್ಟು ಹೊರಟರು.

ಯುದ್ಧ ಮುಗಿದ ಮೇಲೆ ಮಡಿಕೇರಿಯ ಆಚೆ ಎದ್ದ ಆ ಕ್ಯಾಂಪಿನಲ್ಲಿ ಬರ್ಮಾದಿಂದ ಬಂದ ನಿರಾಶ್ರಿತರೂ ಪಲ್ಟನ್ ಬಿಟ್ಟ ಸಿಪಾಯಿಗಳೂ ಇದ್ದರು. ಅಲ್ಲಿಗೆ ಅಕ್ಕಿ ಸಾಗಿಸುತ್ತಿದ್ದುದು ಸಾಹುಕಾರರ ಗಾಡಿಗಳು. ಉಗ್ರಾಣ ನೋಡಿಕೊಳ್ಳುತ್ತಿದ್ದ ಮೈಸೂರು ಕಡೆಯ ದೇವರಾಜು, ಅವರ ಮುಗ್ಗಲು ಅಕ್ಕಿಯನ್ನು ಮೂಸಿ ಕೂಲಿಗಳೆದುರೇ ಅಂದಿದ್ದ: "ನಿಮ್ಮ ಎತ್ತಿಗೆ ಹಾಕಿ ಸಾಹುಕಾರ್ರೆ. ಅವೂ ಮುಟ್ಟಲಿಕ್ಕಿಲ್ಲ." ಕೂಲಿಗಳು ನಕ್ಕಿದ್ದರು. ಆ ನಗು ಸಾಹುಕಾರರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ದೇವರಾಜು ಚಳಿಜ್ವರ ಹಿಡಿದು ಮಲಗಿದ ದಿನ ಉಗ್ರಾಣದ ಬೀಗದ ಕೈಯನ್ನು ಸಾಹುಕಾರರಿಗೇ ನಂಬಿ ಕೊಟ್ಟ. ಹತ್ತು ಮೂಟೆ ಹುಲ್ಲಿನಡಿ ಅವಿತು ಅವರ ಕಣಜದ ಕೋಣೆ ಸೇರಿದವು. "ಕ್ಯಾಂಪಿನಲ್ಲಿ ಜಾಗವಿಲ್ಲ, ನಾಲ್ಕು ದಿನ ಇಲ್ಲಿರಲಿ" ಎಂದರು ಹೆಂಡತಿ ದಮಯಂತಿಗೆ. ಎಂಟು ಮೂಟೆ ಹುತ್ತರಿಗೆ ಮುಂಚೆಯೇ ಮಾರಾಟವಾಗಿ ಘಟ್ಟ ಇಳಿದವು. ಉಳಿದೆರಡನ್ನು ಹಬ್ಬ ಕಳೆದ ಮೇಲೆ, ದೀಪವಿಲ್ಲದೆ, ಒಂದೊಂದಾಗಿ ತಾವೇ ಹೊತ್ತು ದೇವರಾಜುವಿನ ಸೌದೆ ರಾಶಿಯ ಹಿಂದೆ ಅಡಗಿಸಿದರು. ಆಳಿಗೆ ಬಾಯಿಯಿದೆ, ತಮ್ಮ ಬೆನ್ನಿಗಿಲ್ಲ. ಇನ್ನು ದೇವರಾಜು ಜೈಲಿಗೆ, ಉಗ್ರಾಣ ತಮ್ಮ ಕೈಗೆ.

ಕ್ಯಾಂಪಿನಲ್ಲಿ ತಟ್ಟೆ ಹಿಡಿದವರ ಸಾಲು. ಈಗ ಮಕ್ಕಳಿಗೂ ಅರ್ಧ ಸೌಟು ಗಂಜಿ. ಸಾಹುಕಾರರು ಮುಖ ತಿರುಗಿಸಿಕೊಂಡು ಸಾಗಿದರು.

"ಸಾಕ್ಷಿಗೆ ನಿಮ್ಮಂಥ ದೊಡ್ಡವರು ಬೇಕಲ್ಲ," ಎಂದ ಸಿದ್ದಣ್ಣ.

ತನ್ನ ಮನೆಯ ಮುಂದೆ ದೇವರಾಜು ಕೈಮುಗಿದು ನಿಂತಿದ್ದ. "ನನಗೇನೂ ಗೊತ್ತಿಲ್ಲ ಸ್ವಾಮಿ."

"ಅಯ್ಯೋ, ಹಸಿದವರ ಅನ್ನಕ್ಕೇ ಕೈಹಾಕಿದೆಯಲ್ಲ ಮಾರಾಯ!" ಸಾಹುಕಾರರ ದನಿಯಲ್ಲಿ ನಿಜವಾದ ನೋವೇ ತುಳುಕಿತು.

ಮೂಟೆಗಳನ್ನು ಹೊರಗೆಳೆದರು. ಲಾಟೀನು ಬಗ್ಗಿತು. ಹೊಲಿಗೆಯ ಮೂಲೆಯಲ್ಲಿ, ಮಾವಿನೆಲೆ ಸುತ್ತಿ, ನೀಲಿ ಚಿಂದಿಯಿಂದ ಬಿಗಿದ ಭತ್ತದ ತೆನೆಯೊಂದು ತೂಗುತ್ತಿತ್ತು. ಹುತ್ತರಿಯಂದು ಕೊಡಗಿನ ಮನೆಯೊಡತಿ ಬಾಗಿಲಿಗೆ, ಒನಕೆಗೆ, ಗಾಡಿಗೆ ಹೊಸ ಕದಿರು ಕಟ್ಟುತ್ತಾಳೆ. ಕಣಜದಲ್ಲಿ ಕಂಡದ್ದನ್ನೂ ಬಿಡುವುದಿಲ್ಲ. ಮೈಸೂರಿನವನ ಮನೆಯಲ್ಲಿ ಹುತ್ತರಿಯೇ ಇಲ್ಲ. ಕ್ಯಾಂಪಿನಲ್ಲಿ ಗಂಜಿ ಬೇಯಿಸುವ ಮುತ್ತಿ ಬಗ್ಗಿ ನೋಡಿದಳು. ಸಾಹುಕಾರರ ಮನೆಗೆ ಹಬ್ಬದ ಕೆಲಸಕ್ಕೆ ಹೋಗಿ, ಹಳೆಯ ಸೀರೆಯಿಂದ ಆ ಚಿಂದಿ ಹರಿದುಕೊಟ್ಟವಳು ಅವಳೇ. "ನಿರಾಶ್ರಿತರ ಅನ್ನ ಹೆಚ್ಚಲಿ ಅಂತ ದಮಯಂತಕ್ಕ ಕೈಯಾರೆ ಕಟ್ಟಿದ್ದು," ಎಂದಳು. "ಈ ಮೂಟೆ ಇದ್ದದ್ದು ದೇರಪ್ಪ ಸಾಹುಕಾರ್ರ ಕಣಜದಲ್ಲಿ."