ಕ್ವೇಸಾರ್ ಸುತ್ತ ಹನ್ನೊಂದು ಸುಳ್ಳು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಸ್ಮಾ ಮೋಸಗಾರ್ತಿ ಎನಿಸಿಕೊಂಡಳು.

ಹೆಬ್ಬಾಳದ ಒಂದು ಖಗೋಳ ಸಂಶೋಧನಾ ಕೇಂದ್ರದಲ್ಲಿ ಅವಳದು ಪಿಎಚ್‌ಡಿಯ ಕೊನೆಯ ವರ್ಷ. ನಡುವಿನ ಕಪ್ಪುರಂಧ್ರ ಅನಿಲ ನುಂಗುತ್ತ ಧಗಧಗಿಸುವ ಗ್ಯಾಲಕ್ಸಿಗೆ ಕ್ವೇಸಾರ್ ಎನ್ನುತ್ತಾರೆ. ನಮಗೆ ಹತ್ತಿರದ ನಲವತ್ತು ಕ್ವೇಸಾರ್‌ಗಳ ನೆರೆಯಲ್ಲಿ ಎಷ್ಟು ಗ್ಯಾಲಕ್ಸಿಗಳಿವೆ ಎಂದು ಅವಳು ನಾಲ್ಕು ವರ್ಷ ಕೂತು ಎಣಿಸಿದ್ದಳು. ಪಟ್ಟಿ ಪರಿಶೀಲಿಸಿದ ಹೊರಗಿನ ತಜ್ಞೆ ಸಂಯುಕ್ತಾ ಬರೆದಿದ್ದರು: ಒಂದು ಕ್ವೇಸಾರ್ ಸುತ್ತ ತೋರಿಸಿದ ಹನ್ನೊಂದು ಗ್ಯಾಲಕ್ಸಿಗಳು ಆಕಾಶದಲ್ಲೇ ಇಲ್ಲ. ಆ ಜಾಗಗಳು ಖಾಲಿ.

ಹನ್ನೊಂದೂ ಸೇರಿದ್ದು ಅಸ್ಮಾಳ ಪಾಸ್‌ವರ್ಡ್‌ನಿಂದ ಎಂದು ಮುಖ್ಯಸ್ಥ ಭೀಮರಾಜ್ ದಾಖಲೆ ತೋರಿಸಿದರು. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಮುಂದಿನ ವರ್ಷ ಮತ್ತೆ ಅವಕಾಶ ಎಂದರು.

"ನಾನು ಮಾಡಿಲ್ಲ ಸರ್. ಸಹಿ ಹಾಕಲ್ಲ. ಗುರುವಾರ ಸಮಿತಿ ಕೂರ್ಲಿ, ಯಾರು ಮಾಡಿದ್ದು ಅಂತ ಅಲ್ಲೇ ಹೇಳ್ತೀನಿ."

ಹಾಗೆಂದು ಹೊರಬಂದಳು. ಯಾರೆಂದು ಅವಳಿಗೂ ಗೊತ್ತಿರಲಿಲ್ಲ.

*

ಕಂಪ್ಯೂಟರ್ ನೋಡಿಕೊಳ್ಳುವ ಗಿರಿ ಮರುಕಪಟ್ಟ. ರಸ್ತೆ ನಕ್ಷೆ ಮಾಡುವ ಕಂಪನಿ ಬಿಟ್ಟು ಬಂದು ಅವನಿಗೆ ಆರು ತಿಂಗಳು. ಗ್ಯಾಲಕ್ಸಿಗಳನ್ನು ತಾನಾಗಿಯೇ ಎಣಿಸುವ ಪ್ರೋಗ್ರಾಂ ಬರೆದವನೂ ಅವನೇ. ಸುಮ್ಮನೆ ಸಹಿ ಹಾಕಿಬಿಡು ಎಂದ.

ಆರ್.ಟಿ. ನಗರದ ಮನೆಯಲ್ಲಿ ಅಮ್ಮಿ ಜೈಬುನ್ನೀಸಾ ಕೇಳಿದ್ದು ಒಂದೇ: ಮಾಡಿಲ್ಲ ಅಂದಮೇಲೆ ಸಹಿ ಯಾಕೆ?

ಅಸ್ಮಾಳ ಅನುಮಾನ ಭೀಮರಾಜರ ಮೇಲಿತ್ತು. ಕ್ವೇಸಾರ್‌ಗಳು ಗ್ಯಾಲಕ್ಸಿಗಳ ದಟ್ಟಣೆಯಲ್ಲೇ ಇರುತ್ತವೆ ಎಂದು ಅವರು ಇಪ್ಪತ್ತು ವರ್ಷದಿಂದ ವಾದಿಸುತ್ತಿದ್ದರು. ಅವುಗಳ ನೆರೆಹೊರೆ ಸಾಧಾರಣವೇ ಎನ್ನುತ್ತಿತ್ತು ಅವಳ ಎಣಿಕೆ.

ಬುಧವಾರ ಮಧ್ಯಾಹ್ನ ಆ ಕ್ವೇಸಾರಿನ ಚಿತ್ರವನ್ನು ಮುದ್ರಿಸಿಕೊಂಡಳು. ಬಿಳಿ ಆಕಾಶ, ಕಪ್ಪು ಚುಕ್ಕೆಗಳು. ಹನ್ನೊಂದು ಜಾಗಗಳಿಗೆ ಕೆಂಪು ಗುರುತು ಹಾಕಿದಳು. ಎಲ್ಲವೂ ಖಾಲಿ ಜಾಗವೇ. ಆದರೆ ಒಂದು ಗುರುತು ನಡುವಿನ ಕ್ವೇಸಾರಿನಿಂದ ಬಲಕ್ಕೆ ಎಷ್ಟು ದೂರವಿತ್ತೋ, ಎಡಕ್ಕೆ ಅಷ್ಟೇ ದೂರದಲ್ಲಿ ಒಂದು ಮಸುಕು ಕಲೆ ಇತ್ತು. ಇನ್ನೊಂದಕ್ಕೂ ಹಾಗೆಯೇ. ಹಾಳೆಯನ್ನು ಉದ್ದಕ್ಕೆ, ನಟ್ಟನಡುವೆ ಮಡಚಿ ಕಿಟಕಿಯ ಬೆಳಕಿಗೆ ಹಿಡಿದಳು. ಹನ್ನೊಂದು ಗುರುತುಗಳೂ ಹನ್ನೊಂದು ಕಲೆಗಳ ಮೇಲೆ ಕೂತವು.

ಇದು ಭೀಮರಾಜ್ ಮಾಡುವ ತಪ್ಪಲ್ಲ.

*

ಗುರುವಾರ ಸಮಿತಿಯ ಮುಂದೆ ಅಸ್ಮಾ ಬೇರೊಂದು ಆಕಾಶಚಿತ್ರದ ಎರಡು ಪ್ರತಿ ಇಟ್ಟಳು. ಉತ್ತರ ಮೇಲಿದೆ, ಪೂರ್ವ ಎಲ್ಲಿ ಎಂದು ಗುರುತು ಮಾಡಿ ಎಂದು ಭೀಮರಾಜರನ್ನೂ, ಕಂಪ್ಯೂಟರ್ ದಾಖಲೆ ವಿವರಿಸಲು ಬಂದಿದ್ದ ಗಿರಿಯನ್ನೂ ಕೇಳಿದಳು. ಭೀಮರಾಜ್ ಎಡಕ್ಕೆ ಬರೆದರು. ಗಿರಿ ಬಲಕ್ಕೆ ಬರೆದ.

ಸಮಿತಿಯಲ್ಲಿದ್ದ ಸಂಯುಕ್ತಾ ಕನ್ನಡಕ ತೆಗೆದು ಗಿರಿಯನ್ನೇ ನೋಡಿದರು.

ಅಸ್ಮಾ ವಿವರಿಸಿದಳು. ನೆಲದ ನಕ್ಷೆಯಲ್ಲಿ ಪೂರ್ವ ಬಲಕ್ಕೆ. ತಲೆಯೆತ್ತಿ ನೋಡುವ ಆಕಾಶದಲ್ಲಿ ಎಡಕ್ಕೆ. ಆ ಕ್ವೇಸಾರ್ ಸುತ್ತ ಗಿರಿಯ ಪ್ರೋಗ್ರಾಂ ಮಸುಕು ಕಲೆಗಳನ್ನೂ ಗ್ಯಾಲಕ್ಸಿ ಎಂದುಕೊಂಡು ಹತ್ತೊಂಬತ್ತು ಎಣಿಸಿತ್ತು. ಅವಳು ಎಣಿಸಿದ್ದು ಎಂಟು. ತನ್ನ ಪ್ರೋಗ್ರಾಂ ತಪ್ಪೆಂದು ಗೊತ್ತಾಗಬಾರದೆಂದು ಅವನು ಚಿತ್ರ ನೋಡಿ ಹನ್ನೊಂದು ಕಲೆಗಳನ್ನು ಕೈಯಾರೆ ಅವಳ ಪಟ್ಟಿಗೆ ಸೇರಿಸಿದ್ದ. ಪೂರ್ವ ಬಲಕ್ಕೆಂದುಕೊಂಡಿದ್ದರಿಂದ ಎಡ ಬಲ ತಿರುಗಿತ್ತು. ಈಚೆಗೆ ಅವಳ ಪಾಸ್‌ವರ್ಡ್ ಬದಲಿಸಿಕೊಟ್ಟವನೂ ಅವನೇ.

"ಪ್ರೋಗ್ರಾಂ ಹೋದ್ರೆ ನನ್ ಕೆಲಸಾನೂ ಹೋಗ್ತಿತ್ತು," ಎಂದ ಗಿರಿ, ತಲೆ ತಗ್ಗಿಸಿ.

ಭೀಮರಾಜ್ ಕೆಮ್ಮಿದರು. ಅಸ್ಮಾಳ ಪ್ರಬಂಧ ಸ್ವೀಕರಿಸೋಣ, ಗಿರಿಯ ಹೆಸರು ವರದಿಗೆ ಬೇಡ, ಕೇಂದ್ರದ ಮರ್ಯಾದೆ ಪ್ರಶ್ನೆ ಎಂದರು.

"ಸೋಮವಾರ ನನ್ ಹೆಸರು ಬರೆಯೋವಾಗ ಮರ್ಯಾದೆ ನೆನಪಾಗ್ಲಿಲ್ಲ ಸರ್. ಈಗ ಅವನದ್ದೂ ಬರೀರಿ. ಕ್ವೇಸಾರ್‌ಗಳ ಅಕ್ಕಪಕ್ಕ ದಟ್ಟಣೆ ಇಲ್ಲ ಅಂತಾನೂ ಬರೀರಿ. ನಾನು ಕಾಯ್ತೀನಿ."

ಕುರ್ಚಿ ಎಳೆದುಕೊಂಡು ಕೂತಳು. ಸಂಯುಕ್ತಾ ಪೆನ್ನನ್ನು ಭೀಮರಾಜರತ್ತ ಸರಿಸಿದರು.